ಒಳಗೆ ಹೋಗಿ, ಜಾಗ ಉಂಟು!

ನಮ್ಮ ಭಾವನ ಪ್ರಕಾರ ಈ ಭೂಮಿಯ ಮೇಲೆ ತುಂಬಿಹೋದದ್ದು ಎನ್ನುವ ವಸ್ತುವೇ ಇಲ್ಲ. ಫ್ರಿಜ್ಜು ತುಂಬುವುದಿಲ್ಲ, ಬೀರು ತುಂಬುವುದಿಲ್ಲ, ಮದುವೆ ಮನೆಯ ಊಟದ ಪಂಕ್ತಿ ತುಂಬುವುದಿಲ್ಲ. ಆಟೋದಲ್ಲಿ ಆರು ಮಂದಿ ಒಬ್ಬರ ಮೇಲೊಬ್ಬರು ಕೂತಿದ್ದರೆ ನಿಮಗೂ ನನಗೂ ಕಾಣುವುದು ಆ ಆರು ಮಂದಿ. ಭಾವನಿಗೆ ಕಾಣುವುದು ಏಳನೆಯವನು ಕೂರಬಹುದಾದ ಜಾಗ! 'ಫುಲ್' ಎನ್ನುವ ಶಬ್ದ ಅವರ ಬಾಯಿಂದ ಬಂದದ್ದನ್ನು ಕೇಳಿದವರು ಈ ತಾಲೂಕಿನಲ್ಲಿ ಇಲ್ಲ. ಅಕ್ಕನ ಗಂಡನ ಬಗ್ಗೆ ಹೀಗೆಲ್ಲ ಬರೆಯಬಹುದೇ ಎಂದು ಹುಬ್ಬೇರಿಸುವವರು ದಯವಿಟ್ಟು ನಮ್ಮ ಮನೆಗೆ ಬಂದು ಒಂದು ವಾರ ಇದ್ದು ನೋಡಿ. ಜಾಗ ಇದೆಯೇ ಎಂದು ಮಾತ್ರ ಅವರನ್ನು ಕೇಳಬೇಡಿ. ಉಂಟು ಎಂದೇ ಹೇಳುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ.

ಭಾವ ಮೂವತ್ತು ವರ್ಷ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬೆಳಿಗ್ಗೆ ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ, ಮಧ್ಯಾಹ್ನದ ನಂತರ ವೇಣೂರಿನ ದಾರಿಯಾಗಿ ಬೆಳ್ತಂಗಡಿಗೆ. ಬಸ್ಸಿನಲ್ಲಿ ಸೀಟು ಎಷ್ಟೇ ಇರಲಿ, ಕಾಲೇಜು ಬಿಡುವ ಹೊತ್ತಿಗೆ ಅದರ ಎರಡರಷ್ಟು ಜನ ಒಳಗೆ. ಆಗಲೂ ಭಾವ ಹಿಂದಿನ ಬಾಗಿಲಲ್ಲಿ ನೇತಾಡುತ್ತ, "ಒಳಗೆ ಹೋಗಿ, ಒಳಗೆ ಹೋಗಿ, ನಡುವಿನಲ್ಲಿ ಕಬಡ್ಡಿ ಆಡುವಷ್ಟು ಜಾಗ ಉಂಟು!" ಎಂದು ಕೂಗುತ್ತಿದ್ದರು. ಯಾರೋ ಹೇಳಿದ ಮಾತಲ್ಲ ಇದು. ಒಂದೇ ಕಾಲ ಮೇಲೆ ನಿಂತು, ಯಾರದೋ ಬುತ್ತಿ ಡಬ್ಬಿ ನನ್ನ ಪಕ್ಕೆಲುಬಿಗೆ ಒತ್ತುತ್ತಿರುವಾಗ ನಾನೇ ಕೇಳಿದ್ದೇನೆ. ನಾನಾದರೋ ಮೂಡುಬಿದಿರೆಯದೇ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಅವರ ಉದ್ಯೋಗ ಕೂಗುವುದು, ನನ್ನ ಉದ್ಯೋಗ ಕೂಗುವವರನ್ನು ಹೊರಗೆ ಹಾಕುವುದು. ಇಂಥ ಇಬ್ಬರು ಒಂದೇ ಸೂರಿನಡಿ ಆರು ವರ್ಷ ಕಳೆದಿದ್ದೇವೆ ಎಂದರೆ ಅದಕ್ಕೆ ಯಾರ ತಾಳ್ಮೆ ಕಾರಣ? ನನ್ನದೇ ಎಂದು ನಾನು ತಿಳಿದಿದ್ದೆ.

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಕ್ಕ ಹೇಳುತ್ತಾಳೆ. ಈ ಮನೆಗೆ ಬರುವ ಮುಂಚೆ ನಾನು ಐದು ಕಡೆ ಬಾಡಿಗೆ ಕೋಣೆಯಲ್ಲಿ ಇದ್ದು ಬಿಟ್ಟವಳು. ಮೊದಲನೆಯ ಕಡೆ ಜೊತೆಗಿದ್ದವಳು ಒದ್ದೆ ಟವೆಲನ್ನು ನನ್ನ ಕುರ್ಚಿಯ ಮೇಲೆ ಒಣಗಿಸುತ್ತಿದ್ದಳು. ಎರಡನೆಯವಳು ಚಹಾ ಕುಡಿಯುವಾಗ ಸದ್ದು ಮಾಡುತ್ತಿದ್ದಳು. ಮೂರನೆಯವಳು ನನ್ನ ಪುಸ್ತಕ ತೆಗೆದುಕೊಂಡು ಪುಟದ ಮೂಲೆ ಮಡಚಿಟ್ಟಳು. ಪುಟದ ಮೂಲೆ ಮಡಚುವವಳ ಜೊತೆ ಬದುಕುವುದು ಹೇಗೆ, ನೀವೇ ಹೇಳಿ! ನಾಲ್ಕನೆಯ ಕಡೆಯ ಕಾರಣ ನೆನಪಿಲ್ಲ, ಕೋಪ ಮಾತ್ರ ನೆನಪಿದೆ. ಐದನೆಯ ಕಡೆ ಅವರೇ ನನ್ನನ್ನು ಬಿಡಿಸಿದರು. ಕಾರಣ ಏನಿರಬಹುದು ಎಂದು ಈಗಲೂ ಯೋಚಿಸುತ್ತಿರುತ್ತೇನೆ.

ಅವತ್ತು ಅಕ್ಕನಿಗೆ ಫೋನು ಮಾಡಿ ಇಡೀ ಜಗತ್ತನ್ನು ಬೈದೆ. ನಡುವೆ ಭಾವ ಫೋನು ಕಿತ್ತುಕೊಂಡು, "ಇಲ್ಲಿಗೆ ಬಾ ಮಾರಾಯ್ತಿ, ಜಾಗ ಉಂಟು" ಎಂದರು. ಬಸ್ ಸ್ಟ್ಯಾಂಡಿನ ಹಿಂದೆ ಇರುವ ಅವರ ಮನೆಯಲ್ಲಿ ಎರಡೇ ಕೋಣೆ. ಒಂದರಲ್ಲಿ ಅಕ್ಕ ಮತ್ತು ಅವಳ ಮಗಳು. ಇನ್ನೊಂದು ಸಾಮಾನಿನ ಕೋಣೆ, ಖಾಲಿ ಮಾಡಿದ್ದೇವೆ ಎಂದರು. ನಾನು ಹೋದಾಗ ಭಾವ ಕ್ರಮಪ್ರಕಾರ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಟ್ಟು, "ಎರಡು ತಿಂಗಳಾ, ಎರಡು ವರ್ಷವಾ, ಇರು" ಎಂದರು. ಕೋಣೆಯ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದಕ್ಕೆ ನನ್ನ ಕೊಡೆ ತೂಗುಹಾಕಿದೆ. ಮೊಳೆಯ ಕೆಳಗೆ ಯಾರೋ ಹಾಳು ಮನುಷ್ಯ ಪೆನ್ಸಿಲಿನಲ್ಲಿ 'ಬಂಟ್ವಾಳ ೫.೪೦' ಎಂದೆಲ್ಲ ಗೀಚಿಟ್ಟಿದ್ದ. ಗೋಡೆಯ ಮೇಲೆ ಗೀಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊದಲ ಭಾನುವಾರವೇ ಸುಣ್ಣ ಬಳಿದು ಅದನ್ನು ಅಳಿಸಿಹಾಕಿದೆ.

ಭಾವನ ವಿಚಿತ್ರಗಳು ಒಂದೊಂದಾಗಿ ಗೊತ್ತಾದದ್ದು ಆಮೇಲೆ. ಅವರು ಮಲಗುವುದು ಎಲ್ಲಿ ಗೊತ್ತೇ? ಮುಂದಿನ ಚಾವಡಿಯಲ್ಲಿ, ಗುಜರಿಗೆ ಹೋದ ಬಸ್ಸಿನಿಂದ ಕಳಚಿ ತಂದ ಸೀಟಿನ ಮೇಲೆ! ಸೀಟಿನ ಉದ್ದ ನಾಲ್ಕಡಿ, ಭಾವನ ಉದ್ದ ಆರಡಿಗೆ ಎರಡು ಬೆರಳು ಕಡಿಮೆ. ಉಳಿದ ಕಾಲನ್ನು ಒಂದು ಸ್ಟೂಲಿನ ಮೇಲೆ ಇಡುತ್ತಾರೆ. ಕಂಡಕ್ಟರ್ ಚೀಲವನ್ನು ಕಿಟಕಿಯ ಸರಳಿಗೆ ಕಟ್ಟಿರುತ್ತಾರೆ. ಬೆಳಿಗ್ಗೆ ರಸ್ತೆಯಲ್ಲಿ ಹೋಗುವ ಕಾಲೇಜು ಹುಡುಗಿಯರೆಲ್ಲ ಸ್ಟೂಲಿನ ಮೇಲಿನ ಪಾದಗಳನ್ನು ನೋಡಿ ನಗುತ್ತಾರೆ. ಅದೇ ಹುಡುಗಿಯರಿಗೆ ನಾನು ಹತ್ತು ಗಂಟೆಗೆ ಲೈಬ್ರರಿಯಲ್ಲಿ ಶಿಸ್ತು ಕಲಿಸಬೇಕು!

"ಭಾವ, ಮನುಷ್ಯರ ಹಾಗೆ ಮಂಚದ ಮೇಲೆ ಮಲಗಬಾರದಾ?" ಎಂದು ಎಷ್ಟೋ ಸಲ ರೇಗಿದ್ದೇನೆ.

"ನನಗೆ ಇಲ್ಲಿಯೇ ನಿದ್ರೆ ಚೆನ್ನಾಗಿ ಬರ್ತದೆ ಮಾರಾಯ್ತಿ," ಎನ್ನುತ್ತಾರೆ. "ಬಸ್ಸಿನವರಿಗೆ ಮಂಚ ಎಂತಕೆ?"

ನಾವು ಮನೆಯಲ್ಲಿ ಆಡುವುದು ತುಳು. ಅದನ್ನು ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ನಾನು ಬೈದದ್ದರಲ್ಲಿ ಅರ್ಧವನ್ನು ಬಿಟ್ಟಿದ್ದೇನೆ, ಅವು ಕನ್ನಡದಲ್ಲಿ ಅಚ್ಚಾಗುವಂಥವಲ್ಲ.

ನಾಲ್ಕು ವರ್ಷದ ಹಿಂದೆ ಮೊಣಕಾಲು ನೋವೆಂದು ಭಾವ ಕೆಲಸ ಬಿಟ್ಟರು. ಬಿಟ್ಟ ಮರುವಾರ ಮೂರಡಿ ಉದ್ದದ ಗಾಜಿನ ಟ್ಯಾಂಕು ಚಾವಡಿಗೆ ಬಂತು. ಹತ್ತು ಮೀನಿಗಿಂತ ಹೆಚ್ಚು ಹಾಕಬೇಡಿ ಎಂದು ಅಂಗಡಿಯವನು ಸ್ಪಷ್ಟವಾಗಿ ಹೇಳಿಯೇ ಕಳುಹಿಸಿದ್ದ.

"ಹತ್ತು ಅಂದದ್ದು ಸೀಟಿಂಗ್," ಎಂದರು ಭಾವ. "ಸ್ಟ್ಯಾಂಡಿಂಗ್ ಮೂವತ್ತು ಹೋಗ್ತದೆ."

ಹೋದವು ಕೂಡ! ಬೆಳ್ತಂಗಡಿಗೆ ಹೋದರೆ ನಾಲ್ಕು, ಬಂಟ್ವಾಳಕ್ಕೆ ಹೋದರೆ ಆರು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನೀರು ತುಂಬಿಸಿಕೊಂಡು ಬರುತ್ತಿದ್ದರು. ಪ್ರತಿಯೊಂದಕ್ಕೂ ಹೆಸರು. ಕುಣಿಯುತ್ತ ತಿರುಗುವ ಗಪ್ಪಿಗಳು ಕಾಲೇಜು ಮಕ್ಕಳು. ಗಾಜಿಗೆ ಬಾಯಿ ಅಂಟಿಸಿ ಈ ತುದಿಯಿಂದ ಆ ತುದಿಗೆ ತನಿಖೆ ಮಾಡುತ್ತ ಹೋಗುವ ಕಪ್ಪು ಮೀನು ಚೆಕ್ಕಿಂಗ್ ಇನ್‌ಸ್ಪೆಕ್ಟರ್. ಮೈಮೇಲೆ ಪಟ್ಟೆಯಿರುವ, ಗುಂಪು ಕಟ್ಟಿಕೊಂಡು ಎಲ್ಲರ ಬಾಲ ಎಳೆಯುವ ಐದು ಟೈಗರ್ ಮೀನುಗಳು ಹಿಂದಿನ ಸೀಟಿನವರು. ಇವರೆಲ್ಲರ ನಡುವೆ ಹೊಟ್ಟೆ ಮುಂದೆ ಮಾಡಿಕೊಂಡು ನಿಧಾನವಾಗಿ ಸಾಗುವ ಒಂದು ದಪ್ಪ ಗೋಲ್ಡ್ ಫಿಶ್. ಅದಕ್ಕೆ ಬಸ್ ಮಾಲಕರ ಗತ್ತು ಇದೆಯೆಂದು 'ದಣಿ' ಎಂದು ಹೆಸರು. ದಣಿ ಭಾವನ ಜೀವ. ಭಾವನ ಬೆರಳ ತುದಿಯಿಂದಲೇ ತಿನ್ನುತ್ತಿತ್ತು, ಬೇರೆಯವರು ಹಾಕಿದರೆ ಮುಖ ತಿರುಗಿಸುತ್ತಿತ್ತು.

ಮೊದಲ ದಿನ ಭಾವ ಮಾಡಿದ ಘನಕಾರ್ಯವನ್ನು ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಇರುವುದು ಹೇಗೆ? ನೀರು ಹೇಗೂ ಇದೆ ಎಂದು ಒಂದು ಅಚ್ಚು ಬೆಲ್ಲವನ್ನು ಟ್ಯಾಂಕಿಗೆ ಇಳಿಸಿದರು! ಸಂಜೆಯೊಳಗೆ ನೀರು ಕಷಾಯದ ಬಣ್ಣಕ್ಕೆ ತಿರುಗಿತು, ಇರುವೆಗಳು ಟ್ಯಾಂಕಿನ ಅಂಚಿನಲ್ಲಿ ಸಾಲುಗಟ್ಟಿದವು. ಬಾವಿಯಿಂದ ನೀರು ಸೇದಿ ಸೇದಿ ಮೂರು ಸಲ ಬದಲಾಯಿಸಿದ್ದು ಯಾರು? ನಾನು.

ಇದರ ಮೇಲೆ ವಿಸಿಲ್. ಬಸ್ಸಿನಲ್ಲಿ ಊದುತ್ತಿದ್ದ ವಿಸಿಲನ್ನು ಭಾವ ಬಿಟ್ಟುಬಂದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಟ್ಯಾಂಕಿನ ಮುಂದೆ ನಿಂತು ಒಂದು ಸಲ ಊದಿದರೆ ಮೀನುಗಳೆಲ್ಲ ಮೇಲೆ ಬರಬೇಕು, ತಿಂದಾದ ಮೇಲೆ ಎರಡು ಸಲ ಊದಿದರೆ ಚದುರಬೇಕು. ಮೀನುಗಳು ಕಲಿತವೋ ಬಿಟ್ಟವೋ, ಮೊದಲ ವಿಸಿಲಿಗೆ ನಾನಂತೂ ದಿನಾ ಹಾಸಿಗೆಯಿಂದ ಎದ್ದು ಕೂರುತ್ತಿದ್ದೆ.

ಇಂಥ ಮನೆಯಲ್ಲಿ ನಾನೂ ಒಂದು ಮೀನು ತಂದೆ ಎಂದರೆ ನಂಬುತ್ತೀರಾ? ಬಂಟ್ವಾಳದ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಸಣ್ಣ ಸಣ್ಣ ಬಾಟಲಿಗಳಲ್ಲಿ ಒಂದೊಂದೇ ಮೀನು ಇಟ್ಟಿದ್ದರು. ಅದರಲ್ಲಿ ಒಂದು ಗಾಢ ನೀಲಿ, ಬಾಲ ಮಾತ್ರ ಕೆಂಪು, ಸೀರೆಯ ನೆರಿಗೆಯ ಹಾಗೆ ಇಳಿಬಿದ್ದಿತ್ತು. ನಾನು ಬಗ್ಗಿ ನೋಡಿದ್ದೇ ತಡ, ಕಿವಿರು ಅಗಲಿಸಿ ನನ್ನ ಮೇಲೆ ಏರಿ ಬಂತು.

"ಇದು ಫೈಟರ್ ಮೇಡಂ," ಎಂದ ಅಂಗಡಿಯವನು. "ಬೆಟ್ಟ ಫಿಶ್ ಅಂತ ಸಹ ಹೇಳ್ತಾರೆ. ಒಂದೇ ಇಡಬೇಕು. ಇದಕ್ಕೆ ಯಾರನ್ನು ಕಂಡರೂ ಆಗುವುದಿಲ್ಲ."

"ಕಟ್ಟಿಕೊಡಿ" ಎಂದೆ.

ಅಕ್ಕನ ದೊಡ್ಡ ಗಾಜಿನ ಭರಣಿಯನ್ನು ತೊಳೆದು, ಬಾವಿಯ ನೀರು ತುಂಬಿಸಿ, ಕಾಲೇಜಿನ ಅಂಗಳದಿಂದ ಹೆಕ್ಕಿ ತಂದ ಒಣಗಿದ ಕಾಡುಬಾದಾಮಿ ಎಲೆಯೊಂದನ್ನು ಅದರಲ್ಲಿ ಹಾಕಿ, ಫೈಟರನ್ನು ನನ್ನ ಮೇಜಿನ ಮೇಲೆ ಇಟ್ಟೆ. ಆ ಎಲೆಯ ರಸ ಅದರ ಮೈಗೆ ಒಳ್ಳೆಯದಂತೆ. ಸದ್ದಿಲ್ಲ, ಗಲಾಟೆಯಿಲ್ಲ, ಪುಟದ ಮೂಲೆ ಮಡಚುವುದಿಲ್ಲ. ಇಷ್ಟು ವರ್ಷಕ್ಕೆ ನನಗೊಂದು ಸರಿಯಾದ ಜೊತೆ ಸಿಕ್ಕಿತು ಎಂದುಕೊಂಡೆ.

ಭಾವನಿಗೆ ಸಮಾಧಾನವಿಲ್ಲ. ಅವರು ನನ್ನ ಕೋಣೆಯೊಳಗೆ ಎಂದೂ ಕಾಲಿಡುವುದಿಲ್ಲ, ಅದೂ ಒಂದು ವಿಚಿತ್ರ. ಹೊಸ್ತಿಲಲ್ಲೇ ನಿಂತು, ಫುಟ್‌ಬೋರ್ಡಿನಲ್ಲಿ ನಿಂತವರಂತೆ ತಲೆ ಮಾತ್ರ ಒಳಗೆ ಹಾಕುತ್ತಾರೆ.

"ಒಬ್ಬನಿಗೆ ಇಡೀ ಭರಣಿಯಾ?"

"ಅದಕ್ಕೆ ಒಂಟಿಯಾಗಿರುವುದೇ ಇಷ್ಟ ಭಾವ."

"ಹಾಗಂತ ಅವನು ಹೇಳಿದನಾ?"

"ಅಂಗಡಿಯವನು ಹೇಳಿದ."

"ಅಲ್ಲಿ ನೋಡು," ಎಂದು ನನ್ನ ಗೋಡೆಗನ್ನಡಿಯ ಕಡೆ ಬೆರಳು ಮಾಡಿದರು. ಫೈಟರ್ ಕನ್ನಡಿಯಲ್ಲಿ ಕಂಡ ತನ್ನ ನೆರಳಿನ ಮೇಲೆಯೇ ಕಿವಿರು ಅಗಲಿಸಿ ಏರಿ ಹೋಗುತ್ತಿತ್ತು. "ಬೆಳಗ್ಗಿನಿಂದ ಇದೇ ಕೆಲಸ. ಜಗಳ ಮಾಡ್ಲಿಕ್ಕೆ ಬೇರೆ ಯಾರೂ ಇಲ್ಲದೆ ತನ್ನ ಹತ್ತಿರವೇ ಮಾಡ್ತಾ ಇದ್ದಾನೆ, ಪಾಪ."

ನಾನು ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಎರಡು ತಿಂಗಳು ಅಂದಾಜಿನಲ್ಲೇ ತಲೆ ಬಾಚಿದೆ. ಬೈತಲೆ ಬಲಕ್ಕೆ ವಾಲಿದೆ ಎಂದು ಲೈಬ್ರರಿಯಲ್ಲಿ ಹುಡುಗಿಯರು ಪಿಸುಗುಟ್ಟಿದರು, ಅವರನ್ನೂ ಹೊರಗೆ ಹಾಕಿದೆ.

ಭಾವನದ್ದು ಬಿಡದ ಹಟ. "ಮೂವತ್ತು ವರ್ಷದಲ್ಲಿ ಎಂತೆಂಥ ಜಗಳಗಂಟರನ್ನು ನಾನು ನೋಡಿಲ್ಲ? ಜಗಳ ಮಾಡುವವ ಕೆಟ್ಟವನಲ್ಲ ಮಾರಾಯ್ತಿ. ಅವನಿಗೆ ಸರಿಯಾದ ಸೀಟು ಸಿಕ್ಕಿರುವುದಿಲ್ಲ, ಅಷ್ಟೇ. ಒಂದು ಕಿಟಕಿ ಬದಿ ಕೊಟ್ಟು ನೋಡು, ವೇಣೂರು ಬರುವಾಗ ಪಕ್ಕದವನಿಗೆ ಕಡಲೆ ಕೊಡ್ತಾ ಇರ್ತಾನೆ."

"ಇದು ಬಸ್ಸಲ್ಲ ಭಾವ, ಮೀನು!"

"ಅದಕ್ಕೆ ಬಾಲ ಒಂದು ಜಾಸ್ತಿ, ಅಷ್ಟೇ ಅಲ್ವಾ?"

ಏಪ್ರಿಲ್‌ನಲ್ಲಿ ನಾನು ಹತ್ತು ದಿನದ ತರಬೇತಿಗೆ ಧಾರವಾಡಕ್ಕೆ ಹೋಗಬೇಕಾಯಿತು. ಹೋಗುವ ಮುಂಚೆ ಏಳು ಸೂಚನೆಗಳನ್ನು ಬರೆದು ಭರಣಿಯ ಪಕ್ಕ ಅಂಟಿಸಿದೆ. ಒಂದನೆಯದು: ಯಾವ ಕಾರಣಕ್ಕೂ ಬೇರೆ ಮೀನುಗಳ ಜೊತೆ ಹಾಕಬಾರದು. ಏಳನೆಯದು: ಒಂದನೆಯದನ್ನು ಮತ್ತೊಮ್ಮೆ ಓದಿರಿ.

ಹಿಂದಿರುಗಿ ಬಂದು ಕೋಣೆಯ ಬಾಗಿಲು ತೆರೆದರೆ ಮೇಜು ಖಾಲಿ! ಭರಣಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅದರ ತುಂಬ ಮಾವಿನ ಮಿಡಿ ಉಪ್ಪಿನಕಾಯಿ. ನನ್ನ ಏಳು ಸೂಚನೆಗಳ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು.

ಚಾವಡಿಗೆ ಓಡಿದೆ. ಮೂವತ್ತು ಮೀನುಗಳ ನೂಕುನುಗ್ಗಲಿನ ಹಿಂದೆ, ಟ್ಯಾಂಕಿನ ಮೂಲೆಯಲ್ಲಿ ನನ್ನ ಫೈಟರ್ ಗಾಜಿಗೆ ಬೆನ್ನು ಒತ್ತಿಕೊಂಡು ನಿಂತಿತ್ತು. ನೆರಿಗೆಯ ಹಾಗಿದ್ದ ಆ ಕೆಂಪು ಬಾಲ ಹರಿದು ಹರಿದು ಚಿಂದಿಯಾಗಿತ್ತು.

ಜೀವಮಾನದಲ್ಲಿ ನನಗೆ ಅಷ್ಟು ಕೋಪ ಬಂದಿರಲಿಲ್ಲ. ಬಾಯಿಗೆ ಮಾತು ಬರಲಿಲ್ಲ. ನನಗೆ! ಮಾತು!

"ನೀನು ಹೋದ ಮೇಲೆ ಎರಡು ದಿನ ಅವನು ಏನೂ ತಿನ್ನಲಿಲ್ಲ," ಎಂದರು ಭಾವ ಮೆಲ್ಲಗೆ. "ಒಬ್ಬನಿಗೇ ಬೇಜಾರಾಗಿದೆ ಅಂತ ಇಲ್ಲಿ ಬಿಟ್ಟೆ. ಅವನು ಯಾರನ್ನೂ ಕ‌ಚ್ಚಲಿಲ್ಲ. ಹೆಸರು ಮಾತ್ರ ಫೈಟರ್, ಬಹಳ ಪಾಪದವ. ಮೊದಲ ದಿನ ಒಂದು ಗಪ್ಪಿಯನ್ನು ಸ್ವಲ್ಪ ಓಡಿಸಿದ, ಅಷ್ಟೇ. ಆಮೇಲೆ ಹಿಂದಿನ ಸೀಟಿನವರು ಐದು ಮಂದಿ ಸೇರಿ ಇವನ ಬಾಲಕ್ಕೆ ಬಾಯಿ ಹಾಕಿದರು. ನಿನ್ನೆ ರಾತ್ರಿಯೇ ಆದದ್ದು. ನಾನು ನೋಡುವಾಗ ತಡ ಆಗಿತ್ತು."

"ಏಳು ಸಲ ಬರೆದಿಟ್ಟಿದ್ದೆನಲ್ಲ!"

"ಎರಡು ಸಲ," ಎಂದರು. "ಒಂದನೆಯದು, ಏಳನೆಯದು."

ಆಗ ಮಾತು ಬಂತು. ಎಷ್ಟು ಬಂತೆಂದರೆ ಎದುರು ಮನೆಯವರು ಕಿಟಕಿ ಹಾಕಿಕೊಂಡರು. ನಿಮಗೆ ಮನುಷ್ಯರೂ ಒಂದೇ, ಮೂಟೆಯೂ ಒಂದೇ, ತುರುಕುವುದೊಂದೇ ನಿಮಗೆ ಗೊತ್ತಿರುವುದು ಎಂದೆ. ಈ ಮನೆಯಲ್ಲಿ ಒಬ್ಬರಿಗೆ ತಮ್ಮ ಪಾಡಿಗೆ ತಾವು ಇರಲು ಎಳ್ಳಷ್ಟು ಜಾಗವಿಲ್ಲ ಎಂದೆ. ಭಾವ ಸ್ಟೂಲು ನೋಡುತ್ತ ಕೂತರು. ಫೈಟರನ್ನು ಒಂದು ಬಕೆಟಿಗೆ ಎತ್ತಿ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡೆ. ಮರುದಿನವೇ ಬೇರೆ ಮನೆ ಹುಡುಕಲು ಹೊರಟೆ.

ಜೈನಪೇಟೆಯಲ್ಲಿ ಒಂದು ಒಳ್ಳೆಯ ಕೋಣೆ ಸಿಕ್ಕಿತು. ಮನೆಯೊಡತಿ ಹಿರಿಯರು, ಮೆದುಮಾತಿನವರು.

"ಒಂದೇ ಒಂದು ಕಂಡೀಷನ್ ಅಮ್ಮ. ಮೀನು ತರುವ ಹಾಗಿಲ್ಲ," ಎಂದರು.

"ತಿನ್ನಲಿಕ್ಕೆ ತರುವುದಿಲ್ಲ. ಸಾಕುವ ಮೀನು ಒಂದು ಉಂಟು, ಅಡ್ಡಿಯಿಲ್ಲವಾ?"

"ಸಾಕುವುದಾದರೆ ತೊಂದರೆ ಇಲ್ಲ. ಅದಕ್ಕೆ ತಿನ್ನಲು ಏನು ಕೊಡ್ತೀರಿ?"

"ಹುಳ" ಎಂದೆ.

ಅವರ ಮುಖ ಚಿಕ್ಕದಾಯಿತು. "ಮೀನಿಗೆ ನಮ್ಮದೇನೂ ವಿರೋಧ ಇಲ್ಲಮ್ಮ," ಎಂದರು ಬಹಳ ಸಂಕಟದಿಂದ. "ಹುಳದ್ದೇ ಯೋಚನೆ."

ನಾನು ಬರಬಹುದು, ಫೈಟರ್ ಬರುವ ಹಾಗಿಲ್ಲ! ಅದನ್ನು ಬಂಟ್ವಾಳದ ಅಂಗಡಿಗೆ ತಿರುಗಿ ಕೊಡುತ್ತೇನೆ, ಮುಂದಿನ ಭಾನುವಾರ ನಾನು ಹೋಗುತ್ತೇನೆ ಎಂದು ಮನೆಗೆ ಬಂದು ಹೇಳಿದೆ. ಅಕ್ಕ ಸೌಟು ಹಿಡಿದು ನಿಂತಲ್ಲೇ ನಿಂತಳು. ಭಾವ ಮಾತ್ರ ಎದ್ದು ಬಂದು ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತರು.

"ಭಾನುವಾರದವರೆಗೆ ಅವನನ್ನು ನನಗೆ ಕೊಡು. ಟ್ಯಾಂಕಿನಲ್ಲಿ ಉಳಿದವರ ಜೊತೆ ಸರಿಯಾಗಿ ಕೂರಿಸ್ತೇನೆ. ಬಾಲಕ್ಕೆ ಇನ್ನು ಒಂದು ನೂಲಿನಷ್ಟು ಏನಾದರೂ ಆದರೆ ನೀನು ಹೋಗು, ನಾನೇ ಬ್ಯಾಗು ಹೊತ್ತು ಬಿಟ್ಟು ಬರ್ತೇನೆ."

"ಏನೂ ಆಗದಿದ್ದರೆ?"

"ಆಗದಿದ್ದರೆ ನೀನೂ ಇಳಿಯುವ ಹಾಗಿಲ್ಲ."

ಸೋಲುವುದು ಅವರೇ ಎಂದು ಗೊತ್ತಿದ್ದರಿಂದ ಒಪ್ಪಿಕೊಂಡೆ. ಫೈಟರಿಗೆ ಜೊತೆ ಆಗುವುದಿಲ್ಲ ಎಂದು ಅಂಗಡಿಯವನೇ ಹೇಳಿರಲಿಲ್ಲವೇ?

ಭಾವ ಎರಡು ದಿನ ಏನೂ ಮಾಡಲಿಲ್ಲ. ಟ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು ಸುಮ್ಮನೆ ನೋಡುತ್ತ ಕೂತರು. ಯಾರು ಎಲ್ಲಿ ತಿರುಗುತ್ತಾರೆ, ಯಾರು ಯಾರನ್ನು ಕೆಣಕುತ್ತಾರೆ, ಯಾರು ಮೇಲೆ, ಯಾರು ಕೆಳಗೆ. ಮೂರನೆಯ ದಿನ ಒಬ್ಬೊಬ್ಬರನ್ನೇ ಇಳಿಸಲು ಶುರು ಮಾಡಿದರು. ಹಿಂದಿನ ಸೀಟಿನವರು ಐದು ಮಂದಿಯೂ ಬಸ್ ಸ್ಟ್ಯಾಂಡಿನ ಸೆಲೂನಿನ ಟ್ಯಾಂಕಿಗೆ ಹೋದರು. "ಕತ್ತರಿಸುವ ಬುದ್ಧಿಯವರಿಗೆ ಅದೇ ಜಾಗ" ಎಂದರು. ಗಪ್ಪಿಗಳ ಉದ್ದ ಬಾಲ ಕಂಡರೆ ಫೈಟರಿಗೆ ತನ್ನ ಜಾತಿಯವನೇ ಎದುರು ನಿಂತ ಹಾಗೆ ಕಂಡು ರೇಗುತ್ತದೆ ಎಂದು ಅವುಗಳನ್ನು ಪಕ್ಕದ ಮನೆಯ ಬಾವಿಗೆ ಬಿಟ್ಟರು. ಅಲ್ಲಿ ಸೊಳ್ಳೆಮರಿ ತಿಂದುಕೊಂಡು ಆರಾಮವಾಗಿವೆ. ಬೆಳ್ತಂಗಡಿಗೆ ಹೋಗಿ ಮೀಸೆಯಿರುವ ಪುಟ್ಟ ಮೀನು ಆರು ತಂದರು. ಅವು ಮರಳು ಕೆದಕುತ್ತ ನೆಲದಲ್ಲೇ ತಿರುಗುತ್ತವೆ. "ಇವರು ತಲೆ ಎತ್ತಿ ಯಾರ ಮುಖವನ್ನೂ ನೋಡುವವರಲ್ಲ," ಎಂದರು, "ಇವನಿಗೆ ಬೇಕಾದ್ದು ಇಂಥ ಸಹಪ್ರಯಾಣಿಕರು." ನೀರಿಗೆ ಗಿಡ ನೆಟ್ಟರು, ಕಾಡುಬಾದಾಮಿ ಎಲೆ ಹಾಕಿದರು. ಒಂದು ತೆಂಗಿನ ಗೆರಟೆಗೆ ತೂತು ಕೊರೆದು ಮೂಲೆಯಲ್ಲಿ ಮಗುಚಿ ಇಟ್ಟರು. ಸಿಂಗಲ್ ಸೀಟು! ಹಾರಿಬೀಳದ ಹಾಗೆ ಮೇಲೆ ಬಲೆ ಮುಚ್ಚಿದರು. ಆಮೇಲೆ ಫೈಟರನ್ನು ಒಳಗೆ ಬಿಟ್ಟರು.

ಆ ವಾರ ವಿಸಿಲ್ ಕೂಡ ಊದಲಿಲ್ಲ. ಹೊಸಬನಿಗೆ ಹೆದರಿಕೆ ಆಗುತ್ತದಂತೆ. ಬೆಳಿಗ್ಗೆ ಆರಕ್ಕೆ ನನಗೆ ತಾನಾಗಿ ಎಚ್ಚರವಾಗುತ್ತಿತ್ತು. ವಿಸಿಲ್ ಕೇಳಿಸದಿದ್ದದ್ದಕ್ಕೂ ಕೋಪ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಬ್ಯಾಗು ಕಟ್ಟಿಟ್ಟು, ಕನ್ನಡಕ ಒರೆಸಿಕೊಂಡು ಟ್ಯಾಂಕಿನ ಮುಂದೆ ಕೂತೆ. ತಪ್ಪು ಹುಡುಕಲೆಂದೇ ಕೂತೆ. ಫೈಟರ್ ಗೆರಟೆಯೊಳಗಿನಿಂದ ಹೊರಗೆ ಬಂತು. ಹರಿದ ಬಾಲದ ಅಂಚಿನಲ್ಲಿ ತೆಳ್ಳಗೆ, ಬಣ್ಣವಿನ್ನೂ ತುಂಬದ ಹೊಸ ಪದರ ಬೆಳೆಯುತ್ತಿತ್ತು. ಕೆಳಗೆ ಮೀಸೆಯವರು ಆರು ಮಂದಿ ಮರಳು ಕೆದಕುತ್ತಿದ್ದರು. ಫೈಟರ್ ಅವರ ಮೇಲಿನಿಂದ ಒಂದು ಸುತ್ತು ಹೋಗಿ, ಒಬ್ಬನನ್ನು ಹತ್ತಿರದಿಂದ ನೋಡಿ, ಸುಮ್ಮನೆ ಮುಂದೆ ಹೋಯಿತು. ಕಿವಿರು ಅಗಲಿಸಲಿಲ್ಲ. ಅರ್ಧ ಗಂಟೆ ನೋಡಿದೆ, ಒಂದು ತಪ್ಪೂ ಸಿಗಲಿಲ್ಲ. ಆಗಲೇ ಗಮನಕ್ಕೆ ಬಂದದ್ದು.

"ಭಾವ, ದಣಿ ಎಲ್ಲಿ?"

ಭಾವ ಹಿಂಬದಿಗೆ ಕೈ ತೋರಿಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೆರಳಿನಲ್ಲಿರುವ ಸಿಮೆಂಟು ತೊಟ್ಟಿಯಲ್ಲಿ ದಣಿ ಒಬ್ಬನೇ ಸುತ್ತುತ್ತಿದ್ದ. ತೊಟ್ಟಿಯ ಮೇಲೆ ಭಾವನ ಹಳೆಯ ಲುಂಗಿಯ ಚಪ್ಪರ.

"ದಣಿಗೆ ತಣ್ಣಗಿನ ನೀರು ಆಗಬೇಕು, ಇವನಿಗೆ ಬೆಚ್ಚಗಿನದ್ದು. ಮತ್ತೆ ಗಲೀಜು ಮಾಡುವುದೂ ದಣಿಯೇ ಜಾಸ್ತಿ. ಇಬ್ಬರಲ್ಲಿ ಒಬ್ಬರು ಇಳಿಯಬೇಕಿತ್ತು."

"ಅದಕ್ಕೆ ದಣಿಯನ್ನೇ ಇಳಿಸಿದಿರಾ? ನಾಲ್ಕು ವರ್ಷ ಕೈಯಾರೆ ತಿನ್ನಿಸಿದ್ದನ್ನು? ನಿಮಗೆ ತಲೆ ಸರಿ ಉಂಟಾ?"

"ಬಾ ಅಂತ ಹತ್ತಿಸಿಕೊಂಡವರನ್ನು ಇಳಿಸ್ಲಿಕ್ಕೆ ಆಗ್ತದಾ? ಹಳಬರು ಸ್ವಲ್ಪ ಅಡ್ಜಸ್ಟ್ ಮಾಡಬೇಕು." ಭಾವ ಬಗ್ಗಿ ಬೆರಳು ನೀರಿಗೆ ಇಳಿಸಿದರು. ದಣಿ ಬಂದು ಬೆರಳಿಗೆ ಬಾಯಿ ಇಟ್ಟ. "ಇವನಿಗೆ ಬೇಜಾರೇನಿಲ್ಲ ಮಾರಾಯ್ತಿ. ಇಲ್ಲಿಯೇ ನಿದ್ರೆ ಚೆನ್ನಾಗಿ ಬರ್ತದಂತೆ."

ಆ ಮಾತನ್ನು ನಾನು ಮೊದಲು ಎಲ್ಲಿ ಕೇಳಿದ್ದೆ?

ನಿಂತಲ್ಲಿಂದಲೇ ಹಿಂದಿನ ಬಾಗಿಲಿನ ಮೂಲಕ ಚಾವಡಿ ಕಾಣುತ್ತಿತ್ತು. ನಾಲ್ಕಡಿಯ ಬಸ್ ಸೀಟು, ಅದರ ಮುಂದೆ ಸ್ಟೂಲು. ಕಿಟಕಿಯ ಸರಳಿನಲ್ಲಿ ಚರ್ಮದ ಚೀಲ. ನನ್ನ ಕೋಣೆಯ ಗೋಡೆಯಲ್ಲಿ ಮೊಳೆ. ಮೊಳೆಯ ಕೆಳಗೆ 'ಬಂಟ್ವಾಳ ೫.೪೦'. ಬೆಳಗಿನ ಐದು ನಲವತ್ತರ ಬಸ್ಸಿಗೆ ಹೊರಡುವವರು ಹೆಂಡತಿ ಮಗಳ ನಿದ್ರೆ ಕೆಡಬಾರದೆಂದು ಮಲಗುತ್ತಿದ್ದ ಕೋಣೆ ಅದು. ಅವರು ಬರೆದಿಟ್ಟುಕೊಂಡದ್ದರ ಮೇಲೆ ನಾನು ಸುಣ್ಣ ಬಳಿದಿದ್ದೆ.

ಬಟ್ಟೆ ಹಿಂಡುತ್ತಿದ್ದ ಅಕ್ಕನ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. "ಆರು ವರ್ಷ ಬೇಕಾಯ್ತಾ ನಿನಗೆ?" ಎಂದಳು. "ಅಷ್ಟು ಪುಸ್ತಕ ಓದುವವಳಿಗೆ?"

ನನಗೆ ಎಂಥ ಕೋಪ ಬಂತೆಂದರೆ! ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ? ಎಳ್ಳಷ್ಟು ಜಾಗವಿಲ್ಲ ಎಂದು ನಾನು ಕಿರುಚಿದ ದಿನವಾದರೂ ಹೇಳಬಾರದಿತ್ತೇ?

"ಇವತ್ತಿನಿಂದ ನೀವು ಒಳಗೆ ಮಲಗಬೇಕು!" ಎಂದು ಕೂಗಿದೆ. "ನಾನು ಚಾವಡಿಯಲ್ಲಿ ಮಲಗುತ್ತೇನೆ. ನನ್ನ ಉದ್ದಕ್ಕೆ ಆ ಸೀಟು ಸಾಕು. ನೀವು ಒಳಗೆ ಹೋಗಿ ಭಾವ, ಒಳಗೆ ಹೋಗಿ!"

ಭಾವ ದಣಿಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

"ಆಗುವುದಿಲ್ಲ ಮಾರಾಯ್ತಿ," ಎಂದರು. "ಒಳಗೆ ಫುಲ್."

ನನಗೆ ಅಳು ಬಂತು. ಅಳು ಬಂದದ್ದಕ್ಕೂ ಕೋಪ ಬಂತು. ದಡದಡ ಒಳಗೆ ಹೋಗಿ ಕಟ್ಟಿಟ್ಟ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದೆ. ಗೋಡೆಯ ಮೊಳೆಯಿಂದ ನನ್ನ ಕೊಡೆಯನ್ನು ತೆಗೆದು ಬಾಗಿಲ ಸಂದಿಗೆ ಒರಗಿಸಿದೆ. ಆಮೇಲೆ ಚಾವಡಿಯ ಕಿಟಕಿಯಿಂದ ಭಾವನ ಚೀಲವನ್ನು ಬಿಚ್ಚಿ ತಂದು, ಅದರ ಜಾಗವಾದ ಆ ಮೊಳೆಗೆ ತೂಗುಹಾಕಿದೆ.